ಪಿಸಿಟಿ ನಡೆಯುವ ಆಸೆಯೇ? ಮೊದಲು ರಜೆ ನೋಡಿ, ಆಮೇಲೆ ಶೂ

ಪೆಸಿಫಿಕ್ ಕ್ರೆಸ್ಟ್ ಟ್ರೇಲ್ (ಪಿಸಿಟಿ) ಅಂದರೆ ಅಮೆರಿಕದ ಕಾಲುದಾರಿ, ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ಹೆಚ್ಚಿನವರಿಗೆ ಐದು ತಿಂಗಳು ಬೇಕು. ಎಲ್ಲರೂ ಟೆಂಟ್, ಶೂ ಬಗ್ಗೆ ಕೇಳುತ್ತಾರೆ. ಅದು ಅಂಗಡಿಗೆ ಹೋದರೆ ಮುಗಿಯುತ್ತದೆ. ನೌಕರಿಯಲ್ಲಿ ಇರುವವರಿಗೆ ತಲೆನೋವು ರಜೆಯದೇ ಅಲ್ವಾ?

ಅಮೆರಿಕದಲ್ಲಿ ಎಚ್-1ಬಿ (ಕೆಲಸದ) ವೀಸಾದಲ್ಲಿದ್ದರೆ ದಯವಿಟ್ಟು ರಾಜೀನಾಮೆ ಕೊಟ್ಟು ಹೊರಡಬೇಡಿ. ಕೆಲಸ ಬಿಟ್ಟ ಮೇಲೆ ದೇಶದಲ್ಲಿ ಉಳಿಯಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ದಾಟುವುದೂ ಕಷ್ಟ. ಸಂಬಳವಿಲ್ಲದ ರಜೆ ಕೇಳಿ. ಒಪ್ಪಿದರೆ ಬರವಣಿಗೆಯಲ್ಲಿ ತಗೊಳ್ಳಿ, ವಲಸೆ ವಕೀಲರಿಗೂ ಒಮ್ಮೆ ತೋರಿಸಿ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವರು ಕೆಲಸ ಬಿಟ್ಟರೂ ಆರೋಗ್ಯ ವಿಮೆ ಮರೆಯಬೇಡಿ. ಕೋಬ್ರಾ, ಅಂದರೆ ಹಳೆಯ ಕಂಪನಿಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಮುಂದುವರಿಸುವ ವ್ಯವಸ್ಥೆ, ದುಬಾರಿಯೇ. ಆದರೆ ಸೇರಲು ಕನಿಷ್ಠ 60 ದಿನ ಸಮಯ ಇರುತ್ತದೆ. ಹಿಂದಿನ ಕಂತು ಕಟ್ಟಿದರೆ ಹಿಂದಿನಿಂದಲೇ ಅನ್ವಯವಾಗುತ್ತದೆ.

ಮ್ಯಾನೇಜರ್ ಹತ್ತಿರ ತಾರೀಖು ಹೇಳುವ ಮುಂಚೆ ಟ್ರೇಲ್ ನಡೆಯುವ ಪರ್ಮಿಟ್ ಕೈಯಲ್ಲಿರಲಿ. ದಕ್ಷಿಣ ತುದಿಯಿಂದ ದೂರದ ನಡಿಗೆಗೆ ದಿನಕ್ಕೆ 50 ಜನರಿಗಷ್ಟೇ ಅವಕಾಶ. ನಿಮಗೆ ಬೇಕಾದ ದಿನವೇ ಸಿಗುತ್ತದೆ ಅಂದುಕೊಳ್ಳಬೇಡಿ.

ಐದು ತಿಂಗಳು ಆಗಲ್ಲ ಅಂದರೆ ಆರೆಗಾನ್ ರಾಜ್ಯದ ಭಾಗ ಮಾತ್ರ ನಡೆಯಿರಿ, ಸುಮಾರು 730 ಕಿ.ಮೀ. ನನ್ನ ಕೇಳಿದರೆ ಮಕ್ಕಳಿರುವವರಿಗೆ ಇದೇ ಸರಿ. ಉಪ್ಪಿಟ್ಟಿನ ಮಿಕ್ಸ್, ಗೊಜ್ಜವಲಕ್ಕಿ ಪೊಟ್ಟಣ ಮಾಡಿ ದಾರಿಯ ಅಂಚೆ ಕಚೇರಿಗಳಿಗೆ ಮೊದಲೇ ಕಳಿಸಬಹುದು.

ಇನ್ನೊಂದು ವಿಷಯ. 2025ರಿಂದ ಟ್ರೇಲ್ ಮೂಲಕ ಕೆನಡಾಕ್ಕೆ ಹೋಗುವಂತಿಲ್ಲ. ಉತ್ತರ ತುದಿ ಮುಟ್ಟಿ, ರಸ್ತೆ ಸಿಗುವ ಹಾರ್ಟ್ಸ್ ಪಾಸ್ ಎಂಬ ಕಣಿವೆದಾರಿವರೆಗೆ ಸುಮಾರು 48 ಕಿ.ಮೀ. ವಾಪಸ್ ನಡೆಯಬೇಕು. ರಜೆ ಲೆಕ್ಕದಲ್ಲಿ ಅದಕ್ಕೂ ಎರಡು ದಿನ ಸೇರಿಸಿ.