ಬೆಸೆಲ್ ಎ, ಅಂದರೆ ನಮ್ಮ ಸಾರಾಭಾಯಿ

ಪ್ರಶ್ನೆ ಕೇಳಿದ್ದು ಪಕ್ಕದ ಮನೆಯ ಹುಡುಗಿ. ಆರನೇ ಕ್ಲಾಸು. ನಾನು ತಾರಸಿಗೆ ಟೆಲಿಸ್ಕೋಪ್ ಹತ್ತಿಸಿದ ದಿನವೆಲ್ಲ ಊಟದ ತಟ್ಟೆ ಹಿಡಿದುಕೊಂಡೇ ಮೇಲೆ ಬಂದುಬಿಡುತ್ತಾಳೆ. "ಅಂಕಲ್, ಚಂದ್ರನ ಮೇಲೆ ನಮ್ಮ ಇಸ್ರೋದವರ ಹೆಸರು ಯಾವುದಾದ್ರೂ ಇದ್ಯಾ?"

ವಿಕ್ರಮ್ ಸಾರಾಭಾಯಿ ಹೆಸರಿನ ಕುಳಿ ಒಂದಿದೆ, ಅದು ಮೇರ್ ಸೆರೆನಿಟಾಟಿಸ್ ಅನ್ನೋ ದೊಡ್ಡ ಕಪ್ಪು ಬಯಲಿನಲ್ಲಿದೆ, ಇಷ್ಟು ನನಗೆ ಗೊತ್ತಿತ್ತು. ಬಯಲಿನಲ್ಲಿ ಎಲ್ಲಿ ಅನ್ನೋದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಮಕ್ಕಳ ಮುಂದೆ ಒಪ್ಪಿಕೊಳ್ಳೋಕೆ ನಮಗೆ ಕಷ್ಟ ಅಲ್ವಾ? "ಬಾ, ತೋರಿಸ್ತೀನಿ" ಅಂದೆ. ಅವತ್ತು ಅಷ್ಟಮಿ. ಬಯಲಿನಲ್ಲಿ ಎದ್ದು ಕಾಣುವ ಗುಂಡಗಿನ ಕುಳಿ ಒಂದೇ ಒಂದು. ಅದನ್ನೇ ತೋರಿಸಿದೆ. "ಪಡ್ಡಿನ ಹಂಚಿನ ಗುಳಿ ಥರ ಇದೆ" ಅಂತ ಖುಷಿಯಿಂದ ಇಳಿದು ಹೋದಳು.

ಹೋದ ಮೇಲೆ ಅನುಮಾನ ಶುರುವಾಯಿತು. ಸಾರಾಭಾಯಿ ಕುಳಿಯ ಅಗಲ ಸುಮಾರು ಏಳೂವರೆ ಕಿ.ಮೀ ಅಂತ ಎಲ್ಲೋ ಓದಿದ್ದೆ. ಅದೇ ಬಯಲಿನ ದಕ್ಷಿಣದ ಅಂಚಿನಲ್ಲಿ ಮೆನೆಲಾಸ್ ಅಂತ ಒಂದು ಕುಳಿ ಇದೆ, 27 ಕಿ.ಮೀ ಅಗಲ. ನಾನು ತೋರಿಸಿದ್ದು ಅದರ ಅರ್ಧಕ್ಕಿಂತ ಜಾಸ್ತಿ ಇತ್ತು. ಲೆಕ್ಕ ಕೂಡಿಬರಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ಚಂದ್ರನ ಅಟ್ಲಾಸ್ ತೆಗೆದು ನೋಡಿದೆ. ನಾನು ತೋರಿಸಿದ್ದು ಬೆಸೆಲ್, 16 ಕಿ.ಮೀ. 1838ರಲ್ಲಿ ಒಂದು ನಕ್ಷತ್ರದ ದೂರವನ್ನು ಅಳೆದು ಹೇಳಿದ ಜರ್ಮನ್ ಖಗೋಳ ವಿಜ್ಞಾನಿ. ಸಾರಾಭಾಯಿ ಆ ಪುಟದಲ್ಲೇ ಇರಲಿಲ್ಲ.

ಇಲ್ಲದ್ದಕ್ಕೆ ಕಾರಣ ಸರಳ. ಅಟ್ಲಾಸ್ ಅಚ್ಚಾಗುವ ಹೊತ್ತಿಗೆ ಆ ಹೆಸರೇ ಹುಟ್ಟಿರಲಿಲ್ಲ. ಬೆಸೆಲ್‌ನಿಂದ ಈಶಾನ್ಯಕ್ಕೆ, ನೂರಿಪ್ಪತ್ತು ಕಿ.ಮೀ ಆಚೆ, ಒಂದು ಪುಟ್ಟ ಸೊನ್ನೆ. ಅದರ ಪಕ್ಕ ಬರೀ 'ಎ' ಅಂತ ಒಂದಕ್ಷರ, ಅದೂ ಬೆಸೆಲ್ ಇರುವ ಕಡೆಗೆ ಒತ್ತಿಕೊಂಡು. ಇದು 1830ರ ದಶಕದಲ್ಲಿ ಬರ್ಲಿನ್‌ನಲ್ಲಿ ಚಂದ್ರನ ನಕ್ಷೆ ಮಾಡಿದ ಬೇರ್ ಮತ್ತು ಮ್ಯಾಡ್ಲರ್ ಅನ್ನುವವರಿಂದ ಬಳಕೆಗೆ ಬಂದ ಪದ್ಧತಿ. ದೊಡ್ಡ ಕುಳಿಗೆ ಹೆಸರು, ಸುತ್ತಲಿನ ಸಣ್ಣವಕ್ಕೆ ಅದರ ಹೆಸರಿನ ಜೊತೆ ಒಂದೊಂದು ಅಕ್ಷರ. ಅಕ್ಷರ ಯಾವ ಕಡೆಗೆ ಒತ್ತಿಕೊಂಡಿದೆಯೋ ಆ ಕಡೆ ದೊಡ್ಡದು ಇರುತ್ತೆ. ಒಟ್ಟು ಕುಟುಂಬದಲ್ಲಿ "ಇಂಥವರ ಮನೆ ಹುಡುಗ" ಅಂತ ಕರೆಯೋ ಹಾಗೆ.

ಹುಡುಗನಿಗೆ ಸ್ವಂತ ಹೆಸರು ಸಿಕ್ಕಿದ್ದು 1973ರಲ್ಲಿ. ಸಾರಾಭಾಯಿ ತೀರಿಕೊಂಡದ್ದು 1971ರ ಡಿಸೆಂಬರ್ 30ರಂದು, ಕೋವಳಂನಲ್ಲಿ, 52ನೇ ವಯಸ್ಸಿಗೆ. ಅದಾಗಿ ಒಂದು ವರ್ಷವೂ ಆಗಿರಲಿಲ್ಲ, ಅಪೊಲೊ 17 ಇದೇ ಬಯಲಿನ ಅಂಚಿನಲ್ಲಿ ಇಳಿಯಿತು, ಈ ಕುಳಿಯಿಂದ ಸುಮಾರು 300 ಕಿ.ಮೀ ದೂರದಲ್ಲಿ. ಅಪೊಲೊ ನೌಕೆಗಳು ತೆಗೆದ ಫೋಟೋಗಳಿಂದ ಹೊಸ ದೊಡ್ಡ ನಕ್ಷೆಗಳು ತಯಾರಾಗುತ್ತಿದ್ದ ಕಾಲ ಅದು. ನಕ್ಷೆ ದೊಡ್ಡದಾದಂತೆ ಸಣ್ಣ ಕುಳಿಗಳಿಗೂ ಹೆಸರು ಬೇಕಾಯಿತು. ಹಾಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಷ್ಟೋ ಅಕ್ಷರಗಳನ್ನು ತೆಗೆದು ಹೆಸರು ಕೊಟ್ಟಿತು. ಆರ್ಮ್‌ಸ್ಟ್ರಾಂಗ್ ಹೆಸರಿನ ಕುಳಿ ಕೂಡ ಮೊದಲು ಸಬೈನ್ ಇ ಆಗಿತ್ತು. ಆಮೇಲಾಮೇಲೆ ತೀರಾ ಸಣ್ಣ ಕುಳಿಗಳಿಗೆ ಬೇರೆ ಬೇರೆ ದೇಶದ ಸಾಮಾನ್ಯ ಹೆಸರುಗಳನ್ನೂ ಇಟ್ಟರು. ಅಲ್ಫಾನ್ಸಸ್ ಅನ್ನೋ ದೊಡ್ಡ ಕುಳಿಯ ಒಳಗೆ 'ರವಿ' ಅಂತ ಒಂದಿದೆ, ಬರೀ ಎರಡೂವರೆ ಕಿ.ಮೀ. ಯಾವ ರವಿ ಅಂತ ಕೇಳಬೇಡಿ, ಸುಮ್ನೆ ಒಂದು ಭಾರತೀಯ ಹೆಸರು ಅಷ್ಟೆ. ಚಂದ್ರನ ಮೇಲೆ ರವಿ! ಇಟ್ಟವರಿಗೆ ಅದರ ಅರ್ಥ ಗೊತ್ತಿತ್ತೋ ಇಲ್ಲವೋ.

ಭಾಭಾ, ಜಗದೀಶ್ ಚಂದ್ರ ಬೋಸ್, ಶಿಶಿರ್ ಕುಮಾರ್ ಮಿತ್ರ ಇವರ ಹೆಸರಿನ ಕುಳಿಗಳು ಸಾರಾಭಾಯಿಗಿಂತ ಎಷ್ಟೋ ಪಟ್ಟು ದೊಡ್ಡವು. ಆದರೆ ಅವೆಲ್ಲ ಚಂದ್ರನ ಹಿಂಭಾಗದಲ್ಲಿವೆ. ನಮ್ಮ ತಾರಸಿಗೆ ಯಾವತ್ತೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಮುಂದಿರುವ ಸಣ್ಣದೇ ವಾಸಿ.

ಇನ್ನು ಹುಡುಕಬೇಕಿತ್ತು. ನನ್ನದು ಆರು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್. ಅದರಲ್ಲಿ ಎಲ್ಲ ತಲೆಕೆಳಗು. ಮೇಲೆ ಬಲಕ್ಕೆ ಇರಬೇಕಾದ್ದು ಕೆಳಗೆ ಎಡಕ್ಕೆ ಬರುತ್ತೆ. ಮೊದಲೆರಡು ಸಲ ಎಡವಿದ್ದು ಇಲ್ಲೇ. ಆಮೇಲೆ ನಕ್ಷೆಯನ್ನು ಪ್ರಿಂಟ್ ತೆಗೆದು ತಿರುಗಿಸಿ ಹಿಡಿದುಕೊಂಡೆ, ಬೇರೆ ಯಾವ ಜಾಣತನವೂ ಬೇಕಾಗಲಿಲ್ಲ. ಯಾವ ದಿನ ನೋಡಬೇಕು ಅನ್ನೋದಕ್ಕೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ಒಂದು ತಿಥಿಗೆ ಚಂದ್ರನ ಮೇಲೆ ಬೆಳಗಿನ ಗೆರೆ 12 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತೆ, ಶುಕ್ಲ ಅಷ್ಟಮಿಯ ಹೊತ್ತಿಗೆ ಮಧ್ಯರೇಖೆಗೆ ಬರುತ್ತೆ. ಆ ಕುಳಿ ಚಂದ್ರನ ಮಧ್ಯರೇಖೆಯಿಂದ 21 ಡಿಗ್ರಿ ಪೂರ್ವಕ್ಕಿದೆ. ಹಾಗಾಗಿ ಅಲ್ಲಿ ಬೆಳಗಾಗೋದು ಶುಕ್ಲ ಷಷ್ಠಿಯ ಹೊತ್ತಿಗೆ, ಒಂದೊಂದು ತಿಂಗಳು ಅರ್ಧ ದಿನ ಹಿಂದೆಮುಂದೆ. ಬಹುಳ ಷಷ್ಠಿಯ ಹೊತ್ತಿಗೆ ಅಲ್ಲಿ ಸಂಜೆ. ಹುಣ್ಣಿಮೆ ದಿನ ಮಾತ್ರ ಹೋಗಲೇಬೇಡಿ, ನೆರಳೇ ಇರಲ್ಲ, ಕುಳಿ ಬಯಲಿನಲ್ಲಿ ಕರಗಿಹೋಗಿರುತ್ತೆ.

ಮುಂದಿನ ತಿಂಗಳು ಷಷ್ಠಿಯ ರಾತ್ರಿ ಒಂಬತ್ತರ ಸುಮಾರಿಗೆ ಸಿಕ್ಕಿತು. 120 ಪಟ್ಟು ದೊಡ್ಡದಾಗಿ ತೋರಿಸುವ ಐಪೀಸ್ ಹಾಕಿದ್ದೆ. ಅಷ್ಟು ಹಿಗ್ಗಿಸಿದರೂ ಅದು ಬರಿಗಣ್ಣಿಗೆ ಕಾಣುವ ಚಂದ್ರನ ಕಾಲು ಭಾಗದಷ್ಟೇ ಅಗಲ. ಬೆಳಕು ಕತ್ತಲು ಸೇರುವ ಗೆರೆಯ ಒಳಗಡೆಗೆ, ಇಂಕು ತುಂಬಿದ ಮುಚ್ಚಳದ ಹಾಗೆ ಒಂದು ಕಪ್ಪು ಬೊಟ್ಟು. ಸುತ್ತ ದಾರದಷ್ಟು ಸಣ್ಣ ಹೊಳೆಯುವ ಅಂಚು. ಬೆಸೆಲ್ ಇನ್ನೂ ಕತ್ತಲಲ್ಲೇ ಇತ್ತು, ಅಲ್ಲಿಗೆ ಬೆಳಗಾಗೋಕೆ ಇನ್ನೂ ಕೆಲವು ಗಂಟೆ ಬೇಕು. ಹಾಗಾಗಿ ಈ ಸಲ ತಪ್ಪು ಮಾಡೋಣ ಅಂದರೂ ಮಾಡುವ ಹಾಗಿರಲಿಲ್ಲ.

ಹುಡುಗಿಯನ್ನು ಕೂಗಿ ಕರೆದೆ, ತಪ್ಪನ್ನೂ ಒಪ್ಪಿಕೊಂಡೆ. ಕಣ್ಣಿಟ್ಟು ನೋಡುತ್ತಾ ಕೇಳಿದಳು, "ಹಾಗಾದ್ರೆ ಅವತ್ತು ನಾನು ಯಾರನ್ನ ನೋಡಿದ್ದು?"

"ಬೆಸೆಲ್ ಅವರನ್ನ."

"ಅವ್ರೂ ಇಸ್ರೋನಾ?"

ಎರಡು ದಿನ ಬಿಟ್ಟು ಅಷ್ಟಮಿಗೆ ಮತ್ತೆ ನೋಡಿದೆ. ಒಂದು ಕಡೆಯ ಗೋಡೆಗೆ ಬಿಸಿಲು ಬಿದ್ದಿತ್ತು, ನೆರಳು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕಣ್ಣಂದಾಜಿನಲ್ಲಿ ನೆರಳು ನಾಲ್ಕೂವರೆ ಕಿ.ಮೀ ಅಂತ ಇಟ್ಟುಕೊಂಡೆ. ಅಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಸಾಫ್ಟ್‌ವೇರ್ ಕೇಳಿದೆ, 20 ಡಿಗ್ರಿ ಅಂದಿತು. ಹೈಸ್ಕೂಲಿನ ತ್ರಿಕೋನಮಿತಿ ಹಾಕಿದರೆ ಆಳ 1.6 ಕಿ.ಮೀ ಬಂತು. 2020ರ ಆಗಸ್ಟ್‌ನಲ್ಲಿ, ಸಾರಾಭಾಯಿ ಅವರ ಜನ್ಮಶತಮಾನೋತ್ಸವ ಮುಗಿಯುವ ಹೊತ್ತಿಗೆ, ಇಸ್ರೋ ಇದೇ ಕುಳಿಯ ಚಿತ್ರ ಬಿಡುಗಡೆ ಮಾಡಿತ್ತು. ಚಂದ್ರಯಾನ-2ರ ಕ್ಯಾಮೆರಾ ತೆಗೆದದ್ದು. ಅಂಚಿನಿಂದ ಆಳ ಸುಮಾರು 1.7 ಕಿ.ಮೀ, ಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿ. ನನ್ನ ಲೆಕ್ಕ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೇ ಜಾಸ್ತಿ. ಗಾಳಿ ಅಲ್ಲಾಡಿದರೆ ನೆರಳಿನ ತುದಿಯೂ ಅಲ್ಲಾಡುತ್ತೆ, ಅರ್ಧ ಕಿ.ಮೀ ಆಚೀಚೆ ಆಗೋದು ದೊಡ್ಡ ವಿಷಯವಲ್ಲ. ಆದರೂ ಅವತ್ತು ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದೆ.

ಎರಡನೇ ಮಹಾಯುದ್ಧ ಶುರುವಾದಾಗ ಸಾರಾಭಾಯಿ ಕೇಂಬ್ರಿಡ್ಜ್ ಬಿಟ್ಟು ಬಂದಿದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದರು. ಆ ಗುರುವಿನ ಹೆಸರೂ ಚಂದ್ರನ ಮುಂಭಾಗದಲ್ಲೇ ಇದೆ. ಅದೂ ಸಣ್ಣದೇ, ಹತ್ತು ಕಿ.ಮೀ ಆಸುಪಾಸು. ಅದೂ ಮೊದಲು ಬಾಡಿಗೆ ಹೆಸರಿನದೇ, ಹೆರೊಡೋಟಸ್ ಡಿ. 1976ರಲ್ಲಿ ರಾಮನ್ ಆಯಿತು. ಬೆಳ್ಳಗೆ ಹೊಳೆಯುವ ಅರಿಸ್ಟಾರ್ಕಸ್ ಕುಳಿಯ ಹತ್ತಿರ, ಚಂದ್ರನ ಇನ್ನೊಂದು ಪಕ್ಕದಲ್ಲಿ. ಶಿಷ್ಯನ ಕುಳಿಯಲ್ಲಿ ಬೆಳಗಾದ ಆರು ದಿನಕ್ಕೆ ಗುರುವಿನ ಕುಳಿಯಲ್ಲಿ ಬೆಳಗಾಗುತ್ತೆ. ಅಂದರೆ ದ್ವಾದಶಿ, ತ್ರಯೋದಶಿಯ ಹೊತ್ತಿಗೆ.

ಇದನ್ನು ಕೇಳಿದ್ದೇ ತಡ, ಹುಡುಗಿ ನಮ್ಮ ಅಡುಗೆಮನೆಗೆ ನುಗ್ಗಿದಳು. ಈ ತಿಂಗಳ ತ್ರಯೋದಶಿಗೆ ಪೂರ್ತಿ ಮೋಡ, ಏನೂ ಕಾಣಲಿಲ್ಲ. ಮುಂದಿನ ತಿಂಗಳ ಹಾಳೆಯಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲ್‌ನಲ್ಲಿ 'ರಾಮನ್' ಅಂತ ಬರೆದಿದ್ದಾಳೆ. ಅದರ ಕೆಳಗೇ ನನ್ನ ಹೆಂಡತಿ ಬರೆದಿದ್ದಾಳೆ, 'ಗ್ಯಾಸ್ ಬುಕ್ ಮಾಡಬೇಕು'.