ಗಾಯವಾದ ಬೆರಳು ನಾಳೆ ಏನು ಕೆಲಸ ಮಾಡುತ್ತೆ?

ಮೆಣಸಿನಕಾಯಿ ಸೀಸನ್ ಶುರುವಾದರೆ ಬ್ಯಾಡಗಿಯಲ್ಲಿ ನಮ್ಮ ಚಿಕ್ಕ ಕ್ಲಿನಿಕ್ಕಿಗೆ ಬೆರಳು ಹಿಡಿದುಕೊಂಡು ಬರುವವರು ಜಾಸ್ತಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊಲಿಯುವವರು, ಹಮಾಲರು. ನಾನು ಇಲ್ಲಿ ಡ್ರೆಸ್ಸಿಂಗ್ ರೂಮು ನೋಡಿಕೊಳ್ಳುವ ನರ್ಸ್. ಇದಕ್ಕೂ ಮೊದಲು ಕೆಲವು ವರ್ಷ ಗದಗ ಬೆಟಗೇರಿಯಲ್ಲಿದ್ದೆ. ಅಲ್ಲಿ ಬರುತ್ತಿದ್ದದ್ದು ನೇಕಾರರ ಬೆರಳು.

ಬ್ಯಾಡಗಿಗೆ ಬಂದ ಮೊದಲ ವರ್ಷ ಒಬ್ಬ ಅಮ್ಮ ಬಂದರು. ಹೆಬ್ಬೆರಳಿನ ಉಗುರಿನ ಪಕ್ಕ ಚರ್ಮ ಸೀಳಿತ್ತು. ಹೊಲಿಗೆ ಹಾಕುವಷ್ಟೇನೂ ಇರಲಿಲ್ಲ. ತೊಳೆದು, ಗಾಜ್ ಬಟ್ಟೆ ಇಟ್ಟು, ಅದರ ಮೇಲೆ ದಪ್ಪಗೆ ಬ್ಯಾಂಡೇಜ್ ಸುತ್ತಿ ಕಳಿಸಿದೆ. ಮರುದಿನ ಸಂಜೆ ಅವರು ಮತ್ತೆ ಬಂದಾಗ ಬ್ಯಾಂಡೇಜ್ ಕೆಂಪಾಗಿತ್ತು. ರಕ್ತ ಅಂದುಕೊಂಡೆ. ಬಿಚ್ಚಿದರೆ ಘಾಟು ಮೂಗಿಗೆ ಬಡಿಯಿತು.

"ಕೆಲಸಕ್ಕ ಹೋಗಿದ್ರೇನ್ರೀ?" ಅಂದೆ.

"ಹೋಗದಿದ್ರ ಹ್ಯಾಂಗ್ ಯವ್ವಾ, ಕೂಲಿ ಯಾರ್ ಕೊಡ್ತಾರ? ಇಡೀ ದಿನ ಉರೀತು ನೋಡು."

ಒಣಮೆಣಸಿನಕಾಯಿಯ ಪುಡಿ, ಎಣ್ಣೆ ಅಂಶ ಎಲ್ಲವನ್ನೂ ನಾನು ಸುತ್ತಿದ ಬಟ್ಟೆ ಹೀರಿಕೊಂಡು ಗಾಯದ ಪಕ್ಕದಲ್ಲೇ ಹಿಡಿದಿಟ್ಟಿತ್ತು. ಅಂದಿನಿಂದ ಗಾಯ ನೋಡುವ ಮೊದಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಾಳೆ ಈ ಕೈಯಿಂದ ಏನು ಕೆಲಸ? ಬೆರಳಿಗೆ ಏನು ಹೊದಿಸಬೇಕು ಅನ್ನೋದು ಅರ್ಧ ಅದರಿಂದಲೇ ತೀರ್ಮಾನ ಆಗುತ್ತೆ.

ಮೆಣಸಿನಕಾಯಿ ಕೆಲಸದವರಿಗೆ ನಾನು ಕೊಡೋದು ಫಿಂಗರ್ ಕಾಟ್, ಅಂದರೆ ಬೆರಳಿಗೆ ಮಾತ್ರ ಹಾಕುವ ತೆಳು ರಬ್ಬರ್ ಟೊಪ್ಪಿಗೆ. ಸುರುಳಿ ಸುತ್ತಿಕೊಂಡೇ ಬರುತ್ತದೆ. ಬೆರಳ ತುದಿಗೆ ಇಟ್ಟು ಕೆಳಗೆ ಬಿಡಿಸುತ್ತಾ ಹೋಗಬೇಕು. ಪೂರ್ತಿ ಬಿಡಿಸಬೇಕು, ಇದು ಮುಖ್ಯ. ಅರ್ಧಕ್ಕೆ ಬಿಟ್ಟರೆ ಉಳಿದ ಸುರುಳಿ ಉಂಗುರದ ಹಾಗೆ ಬೆರಳನ್ನು ಬಿಗಿಯುತ್ತೆ. ಲೇಟೆಕ್ಸ್, ಅಂದರೆ ಮರದ ಹಾಲಿನ ರಬ್ಬರಿನದೂ ಸಿಗುತ್ತದೆ, ನೈಟ್ರೈಲ್ ಅನ್ನುವ ಕೃತಕ ರಬ್ಬರಿನದೂ ಸಿಗುತ್ತದೆ. ಬಲೂನು ಊದಿದರೆ ತುಟಿ ಊದಿಕೊಳ್ಳುತ್ತೆ, ರಬ್ಬರ್ ಕೈಗವಸು ಹಾಕಿದರೆ ತುರಿಸುತ್ತೆ ಅನ್ನುವವರಿಗೆ ಲೇಟೆಕ್ಸ್ ಆಗಿಬರೋದಿಲ್ಲ. ಅವರಿಗೆ ನೈಟ್ರೈಲೇ ಕೊಡುತ್ತೇನೆ.

ಆ ಅಮ್ಮನಿಗೂ ಎರಡನೇ ಸಲ ಇದನ್ನೇ ಕೊಟ್ಟೆ. ಎರಡು ದಿನ ಬಿಟ್ಟು ಬಂದರು. ಟೊಪ್ಪಿಗೆ ತೆಗೆದರೆ ಬೆರಳು ಬೆಳ್ಳಗೆ, ನೀರಲ್ಲಿ ನೆನೆಸಿಟ್ಟ ಹಾಗೆ ನೆರಿಗೆ ಬಿದ್ದಿತ್ತು. ರಾತ್ರಿ ಮಲಗುವಾಗಲೂ ತೆಗೆದಿರಲಿಲ್ಲ. ರಬ್ಬರ್ ಒಳಗೆ ಬೆವರು ಹೊರಗೆ ಹೋಗೋದಿಲ್ಲ. ಹಾಗೆ ನೆನೆದ ಚರ್ಮ ಸುಲಭವಾಗಿ ಕಿತ್ತು ಬರುತ್ತದೆ, ಗಾಯ ಮಾಯೋದು ತಡವಾಗುತ್ತದೆ. ತಪ್ಪು ನನ್ನದೇ. ಹಾಕೋದು ಹೇಗೆ ಅಂತ ತೋರಿಸಿದ್ದೆ, ಯಾವಾಗ ತೆಗೆಯಬೇಕು ಅಂತ ಹೇಳಿರಲಿಲ್ಲ.

ಈಗ ಹೇಳುವುದು ಹೀಗೆ. ಕೆಲಸ ಶುರು ಮಾಡುವ ಮೊದಲು, ಕೈ ತೊಳೆದು ಒರೆಸಿಕೊಂಡು ಹಾಕಬೇಕು. ಖಾರ ಮೆತ್ತಿದ ಕೈಯಿಂದ ಹಾಕಿದರೆ ಖಾರವನ್ನು ಒಳಗೇ ಮುಚ್ಚಿದ ಹಾಗೆ. ಊಟಕ್ಕೆ ಎದ್ದಾಗ ತೆಗೆದು ಬಿಸಾಡಿ, ಆಮೇಲೆ ಹೊಸದು. ಮನೆಗೆ ಹೋದ ಮೇಲೆ ರಬ್ಬರ್ ಬೇಡ, ಗಾಯಕ್ಕೆ ಅಂಟದಂಥ ಗಾಜ್ ಸಾಕು. ಕೈಗೆ ಹತ್ತಿದ ಖಾರ ಬರೀ ನೀರಿಗೆ ಹೋಗೋದಿಲ್ಲ, ಎಣ್ಣೆಯಲ್ಲಿ ಕರಗುತ್ತೆ. ಹಾಗಾಗಿ ಗಾಯ ಬಿಟ್ಟು ಉಳಿದ ಕೈಗೆ ಸ್ವಲ್ಪ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು.

ಬೆಟಗೇರಿಯಲ್ಲಿ ಈ ಟೊಪ್ಪಿಗೆ ನಡೆಯುತ್ತಿರಲಿಲ್ಲ. ನೇಕಾರನಿಗೆ ಎಳೆ ಹರಿದರೆ ಬೆರಳ ತುದಿಯಲ್ಲೇ ಹುಡುಕಿ ಗಂಟು ಹಾಕಬೇಕು. ರಬ್ಬರ್ ಮೇಲಿಂದ ಎಳೆ ಗೊತ್ತಾಗೋದಿಲ್ಲ. ಗಾಯ ಬೆರಳ ನಡುವೆ ಇದ್ದರೆ ತುದಿ ಬಯಲು ಬಿಟ್ಟು ಕಟ್ಟುತ್ತಿದ್ದೆ. ತುದಿಯಲ್ಲೇ ಇದ್ದರೆ ಕೊಳವೆಯಂಥ ಗಾಜ್, ಅಂದರೆ ಟ್ಯೂಬ್ ಬ್ಯಾಂಡೇಜ್. ಇದಕ್ಕೆ ಒಂದು ಚಿಕ್ಕ ಪಂಜರದಂಥ ಸಾಧನ ಬರುತ್ತದೆ. ಕೊಳವೆಯನ್ನು ಅದರ ಮೇಲೆ ಏರಿಸಿ, ಬೆರಳನ್ನು ಒಳಗೆ ತೂರಿಸಿ ಎಳೆದರೆ ಒಂದು ಪದರ ಬೆರಳ ಮೇಲೆ ಕೂರುತ್ತದೆ. ತುದಿಯಲ್ಲಿ ಒಂದು ತಿರುವು ಕೊಟ್ಟು ಮತ್ತೆ ಕೆಳಗೆ ತಂದರೆ ಎರಡನೇ ಪದರ. ಒಳಗೆ ಗಾಯಕ್ಕೆ ತಾಗುವ ಹಾಗೆ ಪ್ಯಾರಾಫಿನ್ ಹಚ್ಚಿದ ಗಾಜ್ ಇಡುತ್ತೇನೆ. ಅದು ಅಂಟೋದಿಲ್ಲ. ಒಣ ಗಾಜ್ ಅಂಟಿಕೊಂಡು, ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ತಿರುವು ತುದಿಯಲ್ಲಿ ಮಾತ್ರ. ಇದನ್ನು ನಾನು ಕಲಿತದ್ದು ಒಬ್ಬ ಹುಡುಗನ ಕಿರುಬೆರಳಿನಿಂದ. ಆಡುವಾಗ ಬಿಚ್ಚಿಹೋಗಬಾರದು ಅಂತ ಬುಡದಲ್ಲೂ ಒಂದು ತಿರುವು ಕೊಟ್ಟು, ಟೇಪನ್ನು ಸುತ್ತಲೂ ಎಳೆದು ಅಂಟಿಸಿದ್ದೆ. ರಾತ್ರಿ ಒಂಬತ್ತಕ್ಕೆ ಅವರಪ್ಪ ಎತ್ತಿಕೊಂಡು ಓಡಿ ಬಂದರು. ಬೆರಳು ಊದಿ ನೀಲಿ ತಿರುಗಿತ್ತು. ಕತ್ತರಿ ಹಿಡಿದ ನನ್ನ ಕೈ ನಡುಗುತ್ತಿತ್ತು. ಟೇಪ್ ಕತ್ತರಿಸಿದೆ. ಬಣ್ಣ ಮರಳುವ ತನಕ ಆ ಬೆರಳಿನಿಂದ ಕಣ್ಣು ತೆಗೆಯಲಿಲ್ಲ. ಬೆರಳು ಉಳಿಯಿತು. ಇನ್ನೂ ಕೆಲವು ಗಂಟೆ ಹಾಗೇ ಬಿಟ್ಟಿದ್ದರೆ ಬೆರಳು ಸತ್ತೇ ಹೋಗಬಹುದಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅಂದಿನಿಂದ ಬೆರಳಿನ ಸುತ್ತ ಪೂರ್ತಿ ಟೇಪ್ ಹಾಕೋದೇ ಇಲ್ಲ. ಉದ್ದಕ್ಕೆ, ಅಥವಾ ಓರೆಯಾಗಿ. ತುದಿ ಕಾಣುವ ಹಾಗಿದ್ದರೆ ಉಗುರನ್ನು ಒತ್ತಿ ಬಿಡುತ್ತೇನೆ. ಬೆಳ್ಳಗಾದ ಉಗುರು ಸುಮಾರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಕಟ್ಟಿಸಿಕೊಂಡವರಿಗೂ ಕಲಿಸುತ್ತೇನೆ. ಬೆರಳು ಜುಮ್ ಅಂದರೆ, ತಣ್ಣಗಾದರೆ, ನೋವು ಏರಿದರೆ ನನಗೆ ಕಾಯಬೇಡಿ, ಮನೆಯಲ್ಲೇ ಬಿಚ್ಚಿಬಿಡಿ ಅನ್ನುತ್ತೇನೆ. ಸಕ್ಕರೆ ಕಾಯಿಲೆ ಇದ್ದು ಬೆರಳಿನ ಸ್ಪರ್ಶವೇ ಕಮ್ಮಿಯಾದವರಿಗೆ ಜುಮ್ ಅನ್ನೋದೂ ಗೊತ್ತಾಗದಿರಬಹುದು, ಅಲ್ವಾ? ಅವರ ಮನೆಯವರನ್ನು ಕರೆದು ತೋರಿಸುತ್ತೇನೆ. ಉಂಗುರ ಇದ್ದರೆ ಊತ ಬರುವ ಮೊದಲೇ ತೆಗೆಸುತ್ತೇನೆ. ಮದುವೆ ಉಂಗುರ ಅಂತ ಹಿಂಜರಿದರೂ ಬಿಡೋದಿಲ್ಲ.

ಗಾರೆ ಕೆಲಸದವರಿಗೆ, ಗುದ್ದಲಿ ಹಿಡಿಯುವವರಿಗೆ ತೆಳು ರಬ್ಬರ್ ಒಂದು ತಾಸೂ ಬಾಳೋದಿಲ್ಲ. ಅವರಿಗೆ ಚರ್ಮದ ಟೊಪ್ಪಿಗೆ, ಮಣಿಕಟ್ಟಿಗೆ ಲಾಡಿ ಕಟ್ಟುವಂಥದ್ದು. ಸಿಗದಿದ್ದರೆ ಹಳೆ ಜೀನ್ಸ್ ಬಟ್ಟೆಯಲ್ಲಿ ದರ್ಜಿಯಿಂದ ಹೊಲಿಸಿಕೊಳ್ಳಲು ಹೇಳುತ್ತೇನೆ.

ಇನ್ನೊಂದು ಬೇರೆಯೇ ಬಗೆ. ಚೆಂಡು ಬಡಿದು ಬೆರಳ ತುದಿ ಕೆಳಗೆ ಜೋತುಬಿದ್ದು, ತಾನಾಗಿ ಮೇಲೇಳದಿದ್ದರೆ ಅದು ಗಾಯದ ವಿಷಯ ಅಲ್ಲ. ಬೆರಳನ್ನು ನೇರ ಮಾಡುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಯಂಥ ಪಟ್ಟಿ, ತುಂಡಾಗಿರುತ್ತದೆ. ಡಾಕ್ಟರು ಎಕ್ಸ್‌ರೇ ನೋಡಿ ಪ್ಲಾಸ್ಟಿಕ್ ಸ್ಪ್ಲಿಂಟ್, ಅಂದರೆ ಬೆರಳು ಬಾಗದಂತೆ ಹಿಡಿಯುವ ಆಸರೆ, ಹಾಕಿಸುತ್ತಾರೆ. ಸಾಮಾನ್ಯವಾಗಿ 6ರಿಂದ 8 ವಾರ, ಹಗಲೂ ರಾತ್ರಿ. ತೊಳೆಯಲು ಸ್ಪ್ಲಿಂಟ್ ತೆಗೆಯುವಾಗ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದಿರಬೇಕು. ತುದಿ ಒಮ್ಮೆ ಬಾಗಿದರೂ ಲೆಕ್ಕ ಮತ್ತೆ ಮೊದಲಿನಿಂದ. ಐದನೇ ವಾರದಲ್ಲಿ "ಆರಾಮ ಆಗೇತ್ರೀ" ಅಂತ ತೆಗೆದು ಬಂದ ಹುಡುಗರಿಗೆ ಇದನ್ನು ಹೇಳುವಾಗ ನನಗೇ ಬೇಜಾರಾಗುತ್ತೆ.

ನಮ್ಮ ಕೈಗೆ ಮಾತ್ರ ಫಿಂಗರ್ ಕಾಟ್ ಸಾಲದು. ರಕ್ತ, ಕೀವು ಮುಟ್ಟುವಾಗ ಪೂರ್ತಿ ಕೈಗವಸೇ ಬೇಕು. ನನ್ನ ಬೆರಳಿಗೇ ಗಾಯ ಆಗಿದ್ದರೆ ಮೊದಲು ನೀರು ಹೋಗದ ಪ್ಲಾಸ್ಟರ್, ಅದರ ಮೇಲೆ ಕೈಗವಸು.

ಸೀಸನ್ನಿಗೆ ಮೊದಲು ಟೊಪ್ಪಿಗೆಗಳನ್ನು ತರಿಸಿ ಡಬ್ಬಿಯಲ್ಲಿ ಇಡುತ್ತೇನೆ. ದೊಡ್ಡ ಸೈಜು ಜಾಸ್ತಿ, ಚಿಕ್ಕದು ಕಮ್ಮಿ. ಹೆಣ್ಣುಮಕ್ಕಳ ಬೆರಳು ಸಣ್ಣದು ಅಂತ ಮೊದಲು ಚಿಕ್ಕದನ್ನೇ ತರಿಸುತ್ತಿದ್ದೆ. ಒಳಗೆ ಗಾಜ್ ಬಟ್ಟೆಯ ದಪ್ಪವೂ ಇರುತ್ತೆ ಅನ್ನೋದನ್ನು ಆಗ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.