ಪುಟ ಬದಲಾದರೂ ಪಟ್ಟಿ ಕಳೆಯದಿರಲಿ

ಮಲ್ಪೆಯ ಮೀನು ವ್ಯಾಪಾರಿಯೊಬ್ಬರಿಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಜಾಲತಾಣ ಮಾಡಿಕೊಡುತ್ತಿದ್ದೀರಿ ಎಂದುಕೊಳ್ಳಿ. ಗ್ರಾಹಕರು ಮೊದಲ ಪುಟದಲ್ಲಿ ಬಂಗುಡೆ 2 ಕಿಲೋ, ಬೂತಾಯಿ 1 ಕಿಲೋ, ಕಾಣೆ ಅರ್ಧ ಕಿಲೋ ಎಂದು ಆರಿಸುತ್ತಾರೆ. ಎರಡನೆಯ ಪುಟದಲ್ಲಿ ವಿಳಾಸ, ಮೂರನೆಯದರಲ್ಲಿ ಬಿಲ್. ಅಲ್ಲಿಗೆ ಬರುವಷ್ಟರಲ್ಲಿ ಪಟ್ಟಿ ಖಾಲಿ! ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಗೆ ಹಿಂದಿನ ಪುಟದ ನೆನಪಿರುವುದಿಲ್ಲ. ಒಂದು ಪುಟದ ಸ್ಕ್ರಿಪ್ಟ್ ಮುಗಿದೊಡನೆ ಅದರ ಅರೇಯೂ, ಅಂದರೆ ಪಟ್ಟಿಯನ್ನು ಹಿಡಿದಿಟ್ಟ ವೇರಿಯಬಲ್ಲೂ, ಅಳಿದುಹೋಗುತ್ತದೆ.

ಮೊದಲು ಫಾರ್ಮ್ ನೋಡಿ. ಎಲ್ಲ ಚೆಕ್‌ಬಾಕ್ಸ್‌ಗಳಿಗೂ ‘ಮೀನು’ ಎಂಬ ಒಂದೇ ಹೆಸರಿಟ್ಟರೆ ಪಿಎಚ್‌ಪಿಗೆ ದಕ್ಕುವುದು ಕೊನೆಯದು ಮಾತ್ರ. ಹೆಸರಿನ ಬಳಿಕ ಚೌಕಾವರಣ ಹಾಕಿ, ಮೀನು[] ಎಂದು ಬರೆದರೆ ಎಲ್ಲವೂ ಅರೇಯಾಗಿ ಬರುತ್ತವೆ. ಆದರೆ ಟಿಕ್ ಮಾಡದ ಚೆಕ್‌ಬಾಕ್ಸ್ ಸರ್ವರ್‌ಗೆ ಹೋಗುವುದೇ ಇಲ್ಲ, ಪಕ್ಕದ ತೂಕದ ಕಾಲಂ ಮಾತ್ರ ಹೋಗುತ್ತದೆ. ಆಗ ಬೂತಾಯಿಯ ತೂಕ ಕಾಣೆಯ ಲೆಕ್ಕಕ್ಕೆ ಸೇರೀತು. ಆದ್ದರಿಂದ ಆವರಣವನ್ನು ಖಾಲಿ ಬಿಡದೆ ಮೀನಿನ ಸಂಖ್ಯೆಯನ್ನು ಬರೆಯಿರಿ: ತೂಕ[7]. ಆಗ ಚೆಕ್‌ಬಾಕ್ಸ್‌ನ ಅಗತ್ಯವೇ ಇರುವುದಿಲ್ಲ. ತೂಕ ಸೊನ್ನೆಗಿಂತ ಹೆಚ್ಚಿರುವುದನ್ನು ಉಳಿಸಿಕೊಂಡರೆ ಸಾಕು.

ಈಗ ಪಟ್ಟಿಯನ್ನು ಸೆಷನ್‌ನಲ್ಲಿಡಿ. ದೇವಸ್ಥಾನದ ಹೊರಗೆ ಚಪ್ಪಲಿ ಕೊಟ್ಟು ಟೋಕನ್ ಪಡೆಯುವಂತೆ, ಸರಕು ಸರ್ವರ್‌ನಲ್ಲಿ ಉಳಿಯುತ್ತದೆ. ಬ್ರೌಸರ್‌ಗೆ ಸಿಗುವುದು ಕುಕಿಯಲ್ಲಿನ ಗುರುತು ಸಂಖ್ಯೆಯಷ್ಟೆ. ಸೆಷನ್ ಬಳಸುವ ಪ್ರತಿ ಪುಟದಲ್ಲೂ, ಏನನ್ನೂ ಮುದ್ರಿಸುವ ಮೊದಲೇ, ಸೆಷನ್-ಸ್ಟಾರ್ಟ್ (session_start) ಫಂಕ್ಷನ್ ಕರೆಯಬೇಕು. ಫೈಲಿನ ತಲೆಯಲ್ಲಿ ಒಂದು ಖಾಲಿ ಸಾಲಿದ್ದರೂ ‘ಹೆಡರ್ ಆಗಲೇ ಹೋಗಿದೆ’ ಎಂಬ ಎಚ್ಚರಿಕೆ ಕಾಣಿಸಿಕೊಳ್ಳಬಹುದು. ಪಿಎಚ್‌ಪಿಯ ಮೂಲ ಸೆಟ್ಟಿಂಗ್‌ನಲ್ಲಿ 1440 ಸೆಕೆಂಡು, ಅಂದರೆ 24 ನಿಮಿಷ ಬಳಸದೆ ಬಿಟ್ಟ ಸೆಷನ್ ಅಳಿಸಲು ಅರ್ಹವಾಗುತ್ತದೆ. ವಿಳಾಸ ಬರೆಯುವ ನಡುವೆ ಊಟಕ್ಕೆ ಎದ್ದುಹೋಗುವವರಿರುತ್ತಾರೆ. ಪಟ್ಟಿ ಇಲ್ಲವಾದರೆ ಖಾಲಿ ಬಿಲ್ ತೋರಿಸದೆ ಅವರನ್ನು ಮೊದಲ ಪುಟಕ್ಕೆ ಕಳುಹಿಸಿ.

ಫಾರ್ಮ್‌ನ ಅಡಗಿಸಿದ ಫೀಲ್ಡ್‌ನಲ್ಲಿ ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಮಾಡಿಯೂ ಅರೇ ಕಳುಹಿಸಬಹುದು, ಯುಆರ್‌ಎಲ್‌ನಲ್ಲೂ ಕಳುಹಿಸಬಹುದು. ‘ಸಿಗಡಿ ಮಾತ್ರ ತೋರಿಸು’ ಎಂಬಂಥ ಚಿಕ್ಕ ಆಯ್ಕೆಗಳಿಗೆ ಯುಆರ್‌ಎಲ್ ಒಳ್ಳೆಯದೇ. ಪಿಎಚ್‌ಪಿಯದೇ ಪಠ್ಯರೂಪಕ್ಕೆ ಸೀರಿಯಲೈಸ್ ಮಾಡಿ ಬ್ರೌಸರ್‌ಗೆ ಕೊಟ್ಟು, ಹಿಂದೆ ಬಂದದ್ದನ್ನು ಅನ್‌ಸೀರಿಯಲೈಸ್ ಮಾಡುವ ದಾರಿ ಮಾತ್ರ ಬೇಡ. ದಾಳಿಕೋರರು ತಮಗೆ ಬೇಕಾದ ಆಬ್ಜೆಕ್ಟ್ ನುಗ್ಗಿಸಲು ಅದು ತೆರೆದ ಬಾಗಿಲು.

ಎಲ್ಲಕ್ಕಿಂತ ಮುಖ್ಯ, ಬೆಲೆಯನ್ನು ಬ್ರೌಸರ್‌ನಿಂದ ಎಂದೂ ಸ್ವೀಕರಿಸಬೇಡಿ. ಅಡಗಿಸಿದ ಫೀಲ್ಡ್ ಕಣ್ಣಿಗೆ ಕಾಣದಿದ್ದರೂ ಅದನ್ನು ಯಾರು ಬೇಕಾದರೂ ತಿದ್ದಬಹುದು. ಅಂಜಲ್ ಕಿಲೋಗೆ 1 ರೂಪಾಯಿ ಎಂದು ಬರೆದು ಕಳುಹಿಸಿದರೆ ನಷ್ಟ ವ್ಯಾಪಾರಿಯದು. ಮೀನಿನ ಸಂಖ್ಯೆ ಮತ್ತು ತೂಕವನ್ನಷ್ಟೆ ಪಡೆದು, ತೂಕ ಋಣಸಂಖ್ಯೆಯಲ್ಲ ಎಂದು ಪರೀಕ್ಷಿಸಿ, ದರವನ್ನು ಬಿಲ್ ಪುಟದಲ್ಲಿ ಡೇಟಾಬೇಸ್‌ನಿಂದ ತೆಗೆಯಿರಿ. ಮೀನಿನ ದರ ದಿನದಿನಕ್ಕೂ ಬದಲಾಗುವುದರಿಂದ ಲೆಕ್ಕ ಸರಿಯಾಗಲೂ ಇದೇ ದಾರಿ.

ಆರ್ಡರ್ ದಾಖಲಾದೊಡನೆ ಸೆಷನ್‌ನಿಂದ ಪಟ್ಟಿಯನ್ನು ಅನ್‌ಸೆಟ್ ಮಾಡಿ (ಅಳಿಸಿ), ಧನ್ಯವಾದದ ಪುಟಕ್ಕೆ ರೀಡೈರೆಕ್ಟ್ ಮಾಡಿ, ಮುಂದಿನ ಸಾಲಿನಲ್ಲೇ ಸ್ಕ್ರಿಪ್ಟ್ ನಿಲ್ಲಿಸುವ ಎಕ್ಸಿಟ್ ಬರೆಯಿರಿ. ಆಗ ಗ್ರಾಹಕರು ರಿಫ್ರೆಶ್ ಒತ್ತಿದರೂ ಅದೇ ಬಂಗುಡೆ ಎರಡನೆಯ ಬಾರಿ ಆರ್ಡರ್ ಆಗುವುದಿಲ್ಲ.